ಹಾಲು ಕರೆಯಲು ಹೊರಟ ಹಾಗೆ

ನೇಣು ಗುರುವಾರ. ಹಾಡು ಮಂಗಳವಾರಕ್ಕೇ ಬೇಕಿತ್ತು.
ಸತ್ತ ಮೇಲೆ ಬರೆಯಲು ಕೂತರೆ
ಶಾಯಿ ಆರುವ ಹೊತ್ತಿಗೆ ಜನ ಚದುರಿರುತ್ತಾರೆ.

ನನಗಾಗ ಹದಿನೈದು. ಕಾರ್ನ್‌ವಾಲಿನಲ್ಲಿ, ಜೈಲಿನ ಬೆನ್ನಿಗೆ,
ಟ್ರೆಗೆನ್ಜಾನ ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುವ ಹುಡುಗ.
ಗೋಡೆಯಾಚೆ ಬಡಗಿ ತನ್ನ ಮೊಳೆಗಳನ್ನು
ಹಲಗೆಗೆ ಬಡಿಯುತ್ತಿದ್ದ.
ಅವನದು ಕಬ್ಬಿಣ, ನನ್ನದು ಸೀಸ.
ಎಷ್ಟೋ ಸಲ ನನ್ನ ಸಾಲು
ಅವನ ಪೆಟ್ಟಿಗೇ ತಾಳ ಹಿಡಿದುಬಿಡುತ್ತಿತ್ತು.

ಲವ್‌ಡೇ ಹಾಕಿಂಗ್. ಹತ್ತೊಂಬತ್ತು ವರ್ಷ.
ದುಡಿಯುವ ಮನೆಯ ಬಣವೆಗೆ ಬೆಂಕಿ ಇಟ್ಟವಳು.
ಇಟ್ಟೆ ಅಂದಳು. ಯಾಕೆ ಅನ್ನಲಿಲ್ಲ.
ಪಾದ್ರಿ ಮೂರು ಸಲ ಹೋಗಿ
ಬರಿಗೈಯಲ್ಲಿ ಬಂದ, ಒಂದು ಹನಿ ಪಶ್ಚಾತ್ತಾಪವೂ ಸಿಗದೆ.

"ಸಿಗದಿದ್ದರೆ ನೀನೇ ಹಾಕು" ಅಂದ ಟ್ರೆಗೆನ್ಜಾ.
"ಕೊನೆಯ ಪದ್ಯದಲ್ಲೂ ಅಳದ ಹೆಂಗಸನ್ನು
ಯಾರು ಕಾಸು ಕೊಟ್ಟು ಕೊಳ್ಳುತ್ತಾರೋ?"
ಹಾಕಿದೆ. ಕಷ್ಟವೇನಲ್ಲ.
ಕಣ್ಣೀರಿಗೆ ಪ್ರಾಸ ಎಲ್ಲ ಭಾಷೆಯಲ್ಲೂ
ಬಾಗಿಲಲ್ಲೇ ಕಾದು ನಿಂತಿರುತ್ತದೆ.

ಚಿತ್ರದ ಅಚ್ಚು ಹಳೆಯದೇ: ನೇತಾಡುವ ಗಂಡಸು.
ಕುರಿ ಕದ್ದವನೂ ಅವನೇ, ಹೆಂಡತಿಯನ್ನು ಕೊಂದವನೂ ಅವನೇ.
ಮರದಲ್ಲಿ ಕೆತ್ತಿ ತೆಗೆಯಬಹುದು, ಸೇರಿಸಲಾಗದು.
ಚಾಕುವಿನಿಂದ ಗಡ್ಡ ಕೆರೆದೆ.
ಹೆಣ್ಣಾಯಿತು ಅಂದುಕೊಂಡೆವು.

ಗುರುವಾರ ಬೆಳಿಗ್ಗೆ ಅವಳು ಮೆಟ್ಟಿಲು ಹತ್ತುವಾಗ
ಅವಳ ಕೊನೆಯ ಮಾತು ನನ್ನ ಕಂಕುಳಲ್ಲಿತ್ತು,
ಇನ್ನೂರು ಪ್ರತಿ, ಅರ್ಧ ಆಗಲೇ ಖರ್ಚಾಗಿ.
ಅವಳು ಮಾತಾಡಲೇ ಇಲ್ಲ.
ಹಗ್ಗದವನು ತಡವರಿಸಿದಾಗ
ಜಡೆಯನ್ನು ತಾನೇ ಮೇಲೆತ್ತಿ ಹಿಡಿದಳು,
ಅಷ್ಟೇ,
ಕೆಲಸಕ್ಕೆ ತಡವಾಯಿತು ಎನ್ನುವವಳ ಹಾಗೆ.

ಬಯಲು ಖಾಲಿಯಾದ ಮೇಲೆ ಒಬ್ಬಳು ಬಂದಳು.
ಮೈಯೆಲ್ಲ ಮೀನಿನ, ಉಪ್ಪಿನ ವಾಸನೆ.
ಬಿರುಕು ಬಿಟ್ಟ ಅಂಗೈಯಲ್ಲಿ ಒಂದು ಪೆನ್ನಿ.
"ನನಗೆ ಅಕ್ಷರ ಬಾರದು. ಓದು ಮಗಾ, ನನ್ನ ಹುಡುಗಿಯದು."

ಓದಿದೆ. ಬೆಂಕಿಯವರೆಗೆ ಓದಿದೆ. ತೀರ್ಪಿನವರೆಗೆ ಓದಿದೆ.
ಕೊನೆಯ ಪದ್ಯದಲ್ಲಿ ನಾನೇ ಜೋಡಿಸಿದ ಮೊಳೆಗಳು
ನನ್ನನ್ನೇ ದಿಟ್ಟಿಸಿದವು.
ಕಣ್ಣು ಹಾಳೆಯ ಮೇಲೇ ಇತ್ತು, ನಾಲಗೆ ಅಲ್ಲಿರಲಿಲ್ಲ:

*ಜಡೆಯ ತಾನೇ ಎತ್ತಿ ಹಿಡಿದಳು
ಹಾಲು ಕರೆಯಲು ಹೊರಟ ಹಾಗೆ.*

"ಇನ್ನೊಂದು ಸಲ" ಅಂದಳು.
ಮೂರನೆಯ ಸಲಕ್ಕೆ ಅವಳ ತುಟಿಯೂ ಆಡಿತು.
ಹಾಳೆ ಮಡಿಸಿ ಎದೆಗಿಟ್ಟುಕೊಂಡು ಹೋದಳು,
ಅದರೊಳಗೆ ಅವಳ ಮಗಳು
ಗೋಗರೆದು ಅಳುತ್ತಿದ್ದಾಳೆಂದು ಗೊತ್ತಿಲ್ಲದೆ.

ನಲವತ್ತೈದು ವರ್ಷವಾಯಿತು. ಈಗ ಮೂಂಟಾ.
ಆಸ್ಟ್ರೇಲಿಯಾದ ಕೆಂಪು ಧೂಳು, ತಾಮ್ರದ ಗಣಿ,
ನಮ್ಮೂರಿನವರೇ ತುಂಬಿದ ಮಣ್ಣಿನ ಮನೆಗಳು.
ಪಕ್ಕದ ಮನೆಯ ಥೊಮಸೀನ್
ಅಪ್ಪನ ಬುತ್ತಿಗೆ ಮಾಂಸದ ಕಡುಬಿನ ಅಂಚು ತಿರುವುತ್ತ
ಏನನ್ನೋ ಗುನುಗುತ್ತಿದ್ದಳು.

ಲವ್‌ಡೇ ಅಲ್ಲ, ಯಾರೋ ನ್ಯಾನ್ಸಿ.
ಬಣವೆ ಹೋಗಿ ಹಡಗಾಗಿದೆ. ತೀರ್ಪು ಉದುರಿದೆ, ಪಾದ್ರಿ ಉದುರಿದ್ದಾನೆ.
ನನ್ನ ಕಣ್ಣೀರ ಪದ್ಯದ ಸುಳಿವೇ ಇಲ್ಲ.
ಆಮೇಲೆ, ಹಿಟ್ಟಿನ ಕೈಯಿಂದ ಕೂದಲು ಸರಿಸಿ,
ಜಡೆಯ ತಾನೇ ಎತ್ತಿ ಹಿಡಿದಳು...

ನಾನು ಬೇಲಿ ಹಿಡಿದುಕೊಂಡೆ.
ಕೊರಳು. ಹಗ್ಗ ಬಿದ್ದದ್ದು ಅದಕ್ಕೇ.
ಇದೂ ಬಂದದ್ದು ಅದರಿಂದಲೇ.

"ಯಾರು ಕಲಿಸಿದರಮ್ಮ?"
"ಅಜ್ಜಿ. ಅವಳಿಗೆ ಮೀನಿಗೆ ಉಪ್ಪು ಹಾಕುವ ಕೊಟ್ಟಿಗೆಯಲ್ಲಿ
ಯಾರೋ ಒಬ್ಬಳು. ಬಹಳ ಹಳೇದು ತಾತ,
ಇದನ್ನು ಯಾರೂ ಬರೆದದ್ದಲ್ಲವಂತೆ."

ನಾನೂ ಬರೆದದ್ದಲ್ಲ, ಅದು ನಿಜ.
ಆದರೂ ತಡೆಯಲಾಗಲಿಲ್ಲ, ಮೊಳೆ ಜೋಡಿಸಿದವನ ಚಟ:
"'ನೀರು ತರಲು' ಅಂದೆಯಲ್ಲ,
ಅದು 'ಹಾಲು ಕರೆಯಲು' ಇರಬೇಕು."

ಥೊಮಸೀನ್ ಬೇಲಿಯಾಚೆ ನೋಡಿದಳು:
ಬೂದಿ ಬಣ್ಣದ ಕುರುಚಲು, ಖಾಲಿ ಪೀಪಾಯಿ,
ಬಕೆಟ್ಟಿಗಿಷ್ಟು ಎಂದು ಕೂಗುವ ನೀರಿನ ಗಾಡಿ.
"ಇಲ್ಲಿ ಹಸು ಎಲ್ಲಿದೆ ತಾತ?"

ನೀರೇ ಇರಲಿ, ಅಂದೆ.